ಜುಲೈ ದಾಟದ ಶಾಮರಾಯರು

ಶಾಮರಾಯರು ಕನ್ನಡವನ್ನು ಪಿಸುಮಾತಿನಲ್ಲಷ್ಟೇ ಆಡುತ್ತಿದ್ದರು. ದೋಷ ಗಂಟಲಿನದಲ್ಲ, ಸ್ಥಳದ್ದು. ತಿರುವನಂತಪುರದಲ್ಲಿ ಅವರ ಕನ್ನಡಕ್ಕೆ ಸಿಕ್ಕ ಏಕಮಾತ್ರ ಪ್ರಾಣಿ ನಾನು, ಬ್ಯಾಂಕಿನ ವರ್ಗಾವಣೆಯಲ್ಲಿ ಬಂದು ಬಿದ್ದವನು. ನಾವು ಸಂಧಿಸುತ್ತಿದ್ದುದು ಬ್ಯಾಂಕಿಗೆ ರಜೆಯಿದ್ದ ಶನಿವಾರಗಳಂದು, ದೊಡ್ಡ ಸಾರ್ವಜನಿಕ ಗ್ರಂಥಾಲಯದ ಓದುವ ಕೋಣೆಯಲ್ಲಿ. ಪಿಸುಮಾತು ತುಸು ಏರಿದರೂ ಎಲ್ಲರೂ ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದ ಲೈಬ್ರೇರಿಯನ್ನರ ಅಪ್ಪಣೆಯಾಗುತ್ತಿತ್ತು: “ಸಾರೇ, ಪದುಕ್ಕೆ!” ಮೆಲ್ಲಗೆ, ಎಂದು.

ಮೈಸೂರಿನವರಾದ ಅವರು ಬಾಹ್ಯಾಕಾಶ ಕೇಂದ್ರದಲ್ಲಿ ರಾಕೆಟ್ ಹಾರಿಸಿ ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಯೂರೋಪಿನ ಇತಿಹಾಸಕ್ಕೆ ಕೈಹಾಕಿದ್ದರು. ಮೊದಲ ಮಹಾಯುದ್ಧ ಹೇಗೆ ಶುರುವಾಯಿತೆಂಬುದು ಅವರ ಸಂಶೋಧನೆ.

“ನಮ್ಮಲ್ಲಿ ಉಡಾವಣೆ ಕೆಟ್ರೆ ತನಿಖಾ ಸಮಿತಿ ಕೂರಿಸ್ತಾರೆ. ಇಷ್ಟು ದೊಡ್ಡದು ಕೆಟ್ಟಿದೆ, ಸಮಿತಿ ಬೇಡ್ವೇನ್ರೀ?”

“ಬೇಕಾದಷ್ಟು ಆಗಿವೆಯಲ್ಲ ಸಾರ್, ಈ ಕಪಾಟು ಪೂರ್ತಿ ಅವೇ.”

“ಅವುಗಳಲ್ಲಿ ನಾನಿರಲಿಲ್ಲ.”

ಆದರೆ ಈ ಸಮಿತಿ ೧೯೧೪ರ ಜುಲೈ ದಾಟುತ್ತಲೇ ಇರಲಿಲ್ಲ. ಆಸ್ಟ್ರಿಯದ ಯುವರಾಜ ಗುಂಡಿಗೆ ಬಲಿಯಾಗಿದ್ದಾನೆ, ರಾಯಭಾರಿಗಳು ಬೆವರುತ್ತಿದ್ದಾರೆ, ಇನ್ನೇನು ಆಗಸ್ಟ್ ಬಂತು ಎನ್ನುವಾಗ ರಾಯರಿಗೆ ಯಾವುದೋ ತಂತಿ ಸಂದೇಶದ ಮೇಲೆ ಅನುಮಾನ ಹುಟ್ಟುತ್ತಿತ್ತು, ಮತ್ತೆ ಜೂನ್.

“ಒಂದು ವಾಲ್ವ್ ಸೋರಿದ್ರೂ ಕೌಂಟ್‌ಡೌನ್ ನಿಲ್ಲಿಸ್ತಿದ್ವಿ ನಾವು. ಇವರಿಗೆ ನಿಲ್ಲಿಸೋಕೆ ಎಷ್ಟು ಜಾಗ ಇತ್ತು, ನೋಡಿ!”

ಇದನ್ನು ನಾನು ಪಾಂಡಿತ್ಯವೆಂದೇ ಗೌರವಿಸಿದ್ದೆ. ಒಮ್ಮೆ ಮಗಳ ಫೋನು ಬಂತು. ವರಾಂಡಕ್ಕೆ ಹೋಗಿ ಬಂದರು.

“ಕೊಚ್ಚಿಯ ಕಾಕ್ಕನಾಡಿನ ಫ್ಲ್ಯಾಟಿಗೆ ಬಂದ್ಬಿಡಿ ಅಂತಾಳೆ. ಯುದ್ಧ ಶುರುವಾದ್ಮೇಲೆ ಬರ್ತೀನಮ್ಮ ಅಂತ ಮಾತು ಕೊಟ್ಟಿದೀನಿ.”

“ಮಗಳ ಮನೆ ತಾನೆ ಸಾರ್?”

“ಒಳ್ಳೇ ಮನೆ. ಅಳಿಯನೂ ಒಳ್ಳೆಯವನೇ. ಮೊಮ್ಮಗಳನ್ನ ನಾನು ಕನ್ನಡದಲ್ಲಿ ಕೇಳ್ತೀನಿ, ಅವಳು ಮಲಯಾಳದಲ್ಲಿ ಹೇಳ್ತಾಳೆ. ಅಲ್ಲಿ ಪಿಸುಗುಟ್ಟೋಕೂ ಯಾರೂ ಇಲ್ಲ ಕಣ್ರೀ.”

ಯೂರೋಪಿನ ಶಾಂತಿ ನಮ್ಮ ಶನಿವಾರಗಳ ಮೇಲೆ ನಿಂತಿತ್ತು. ಅದನ್ನು ಕೆಡಿಸಿದ್ದು ನನ್ನ ಬ್ಯಾಂಕು: ಹುಬ್ಬಳ್ಳಿಗೆ ವರ್ಗ. ಎಲ್ಲರೂ ಅಭಿನಂದಿಸಿದರು. ರಾಯರು ಪುಸ್ತಕದ ಹಾಳೆಯನ್ನು ಮುಂದಕ್ಕೆ ಮಗುಚಿದರು.

“ಹೋಗಿಬನ್ನಿ. ಇನ್ನು ಯುದ್ಧ ಶುರು ಮಾಡಿಬಿಡ್ತೀನಿ.”

ಮುಂದೊಮ್ಮೆ ನಾನು ಕೊಚ್ಚಿಗೆ ಹೋದಾಗ ರಾಯರು ಮಗಳ ಮನೆಯಿಂದ ವೈಟ್ಟಿಲದ ಬಸ್ ನಿಲ್ದಾಣಕ್ಕೆ ಬಂದು ಕಂಡರು. ಸುತ್ತ ಹಾರ್ನುಗಳ ಮಹಾಸಮರ. ಅದರ ನಡುವೆ ರಾಯರು ಎಂದಿನಂತೆ ಪಿಸುಗುಟ್ಟಿದರು.

“ಜೋರಾಗಿ ಹೇಳಿ ಸಾರ್, ಇಲ್ಲಿ ಚೇಚಿ ಇಲ್ಲ!”

ನಕ್ಕರು. ಪಕ್ಕದಲ್ಲಿ ಕೂಗುತ್ತಿದ್ದ ಆಟೋದವನನ್ನು ಮಲಯಾಳದಲ್ಲಿ ಗಟ್ಟಿಯಾಗಿ ಗದರಿ ಅಟ್ಟಿದರು. ಮತ್ತೆ ನನ್ನ ಕಿವಿಯ ಬಳಿ ಬಗ್ಗಿ, “ಅಭ್ಯಾಸ ಆಗ್ಹೋಗಿದೆ ಕಣ್ರೀ. ಮನೇಲೂ ಹೀಗೇ” ಎಂದರು.

ಅದೇ ಕೊನೆಯ ಭೇಟಿ. ಆಮೇಲೊಂದು ಶನಿವಾರ ಫೋನು ಮಾಡಿದರೆ ಎತ್ತಿದ್ದು ಮೊಮ್ಮಗಳು. ನನ್ನ ಕನ್ನಡ ಕೇಳಿ ಗುರುತು ಹಿಡಿದಳು.

“ತಾತ ಹೋಗ್ಬಿಟ್ರು ಅಂಕಲ್” ಎಂದಳು. ಕನ್ನಡದಲ್ಲಿ, ಪಿಸುಮಾತಿನಲ್ಲಿ. ಆ ಭಾಷೆಯನ್ನು ಆಡುವ ಕ್ರಮವೇ ಅದೆಂದು ಅವಳು ತಿಳಿದಂತಿತ್ತು.