ಲಮೈಯ ಕಿರೀಟದ ಗಂಟು

ಪತ್ತಲುಂಗ್ ಸೀಮೆಯ ಸರೋವರದಂಚಿನ ಊರಿನಲ್ಲಿ ಲಮೈ ಅಕ್ಕಿ ಶಾವಿಗೆ ಮಾರುವವಳು. ಮೂವತ್ತು ವರ್ಷದಿಂದ ಹುಡುಗಿಯರಿಗೆ ನೋರಾ ಕುಣಿತ ಕಲಿಸುತ್ತ ಬಂದಿದ್ದರೂ ಅವಳನ್ನು ಯಾರೂ ಗುರು ಎನ್ನುವಂತಿರಲಿಲ್ಲ. ಅವಳ ತಲೆಗೆ ಕಿರೀಟ ಇಳಿದಿರಲಿಲ್ಲ, ಅಷ್ಟೆ. ಮಾಡಿನಿಂದ ತೂಗುವ ಕಿರೀಟವನ್ನು ಗುರುವಾದವನು ಹಗ್ಗ ಹಿಡಿದು ಶಿಷ್ಯೆಯ ತಲೆಗೆ ಇಳಿಸಬೇಕು. ಅವಳ ಗುರುವೂ ಆಗಿದ್ದ ಅಪ್ಪ ಪ್ಲೇಕ್ ಎರಡು ಸಲ ಇಳಿಸಿ, ಎರಡು ಸಲವೂ ಮೇಲಕ್ಕೆಳೆದುಬಿಟ್ಟಿದ್ದ. "ಕತ್ತು ಚಾಚ್ಬೇಡ ಕಣೇ! ಕಿರೀಟ ತಲೆ ಹತ್ರ ಬರ್ಬೇಕು, ತಲೆ ಕಿರೀಟದ ಹತ್ರ ಹೋಗ್ಬಾರ್ದು. ಮುಂದಿನ ವರ್ಷ ನೋಡೋಣ" ಎಂದಿದ್ದ. ಮುಂದಿನ ವರ್ಷಕ್ಕೆ ಅವನೇ ಇರಲಿಲ್ಲ. ಸದಾ ಎಲೆಅಡಿಕೆ ಜಗಿಯುತ್ತಿದ್ದ ಹಟಮಾರಿ ಮುದುಕ, ಸಾಯುವಾಗಲೂ ಕಿರೀಟ ಬೇಕೇನೇ ಎಂದು ಮಗಳನ್ನೊಂದು ಮಾತು ಕೇಳಲಿಲ್ಲ.

ಈ ವರ್ಷ ವಿಹಾರ, ಶಾಲೆ, ಸಂತೆಯ ಹೆಂಗಸರು, ಮಸೀದಿ ಕೇರಿಯ ಡೋಲಿನವರು ಎಲ್ಲ ಸೇರಿ ಊರಿನ ಕಲೆಗಳ ಹಬ್ಬ ಮಾಡಿದರು. ಪ್ಲೇಕ್‌ನ ಪರಂಪರೆಯ ಗುರುಗಳು ಯಾರೂ ಉಳಿದಿರಲಿಲ್ಲ. ಹಾಗಾದರೆ ಊರೇ ಗುರು ಎಂದು ತೀರ್ಮಾನವಾಯಿತು. ಬುಧವಾರ ಮಧ್ಯಾಹ್ನ ಚಪ್ಪರದಲ್ಲಿ ಲಮೈಯನ್ನು ಕಿರೀಟದ ಕೆಳಗೆ ಕೂರಿಸಿ, ಒಂದೇ ಹಗ್ಗವನ್ನು ನಾಲ್ಕೂ ಕಡೆಯಿಂದ ಒಬ್ಬೊಬ್ಬರು ಹಿಡಿದು ನಿಂತರು.

"ಲಮೈ ಅಕ್ಕ, ಕಿರೀಟ ಬಿದ್ದು ತಲೆ ಒಡೆದ್ರೆ ನಾಳೆ ಶಾವಿಗೆ ಯಾರು ಮಾಡೋದು?" ಎಂದ ಡೋಲಿನ ಹೇಮ್.

"ನಿನ್ನ ಹೆಂಡ್ತಿಗೆ ಕಲಿಸಿಟ್ಟಿದೀನಿ. ನೀನು ಹಗ್ಗ ನೋಡ್ಕೋ."

ಕಿರೀಟ ಇಳಿಯಿತು. ಕೂದಲಿಗೆ ತಾಗುವಷ್ಟರಲ್ಲಿ ಸರಕ್ಕನೆ ಮೇಲೇರಿತು.

"ಯಾರ್ರೀ ಎಳೆದಿದ್ದು?" ಎಂದರು ಶಾಲೆಯ ಅಂಪೈ ಟೀಚರ್.

ಯಾರೂ ಎಳೆದಿರಲಿಲ್ಲ. ಮತ್ತೆ ಇಳಿಸಿದರು. ಮತ್ತೆ ಏರಿತು, ಹೇಮ್‌ನ ಅಂಗೈ ತರಚುವಷ್ಟು ಜೋರಾಗಿ. ನಾಲ್ವರೂ ಹೆದರಿ ಹಗ್ಗ ಬಿಟ್ಟು ಹಿಂದೆ ಸರಿದರು. ಕಿರೀಟ ಬೀಳಲಿಲ್ಲ. ಎಲೆಅಡಿಕೆಯ ವಾಸನೆ ಬಂತು. ಅಲ್ಲಿ ಯಾರ ಬಾಯಲ್ಲೂ ಎಲೆಅಡಿಕೆ ಇರಲಿಲ್ಲ.

ತನ್ನ ಕತ್ತು ಚಾಚಿಕೊಂಡಿರುವುದು ಲಮೈಗೆ ಆಗ ಗೊತ್ತಾಯಿತು. ಮೂವತ್ತು ವರ್ಷದ ಆಸೆ, ಚಾಚದೆ ಇನ್ನೇನು ಮಾಡೀತು! "ಬೇಡ ಬಿಡಪ್ಪ, ಸಾಕಾಯ್ತು" ಎಂದು ಕಣ್ಣು ಮುಚ್ಚಿ, ಕತ್ತು ಹಿಂದಕ್ಕೆಳೆದು ಕುಳಿತಳು.

ಯಾರ ಕೈಯಲ್ಲೂ ಇಲ್ಲದ ಹಗ್ಗ ಮೆಲ್ಲಗೆ ಸಡಿಲವಾಯಿತು. ಕಿರೀಟ ತಲೆಯ ಮೇಲೆ ಬಂದು ಕುಳಿತಿತು. ಗಲ್ಲದ ಕೆಳಗೆ ದಾರ ಬಿಗಿಯಿತು. ಟೀಚರ್ ಕಟ್ಟುತ್ತಿದ್ದಾರೆ ಎಂದುಕೊಂಡು ಲಮೈ ಕಣ್ಣು ತೆರೆದರೆ, ಟೀಚರ್ ದೂರದ ಕಂಬಕ್ಕೆ ಆತುಕೊಂಡು ನಿಂತಿದ್ದರು.

ಅವಳು ಕುಣಿದಳು. ಎಂದೂ ಹಾಗೆ ಕುಣಿದಿರಲಿಲ್ಲ. ಮುಗಿದ ಮೇಲೆ ದಾರಕ್ಕೆ ಕೈ ಹಾಕಿದರೆ ಗಂಟು ಬಿಚ್ಚಲಿಲ್ಲ. ಅದು ಅಪ್ಪನ ಗಂಟು. ಚಿಕ್ಕಂದಿನಲ್ಲಿ ಅವಳ ಟೋಪಿಯ ದಾರಕ್ಕೂ ಅವನು ಅದನ್ನೇ ಹಾಕುತ್ತಿದ್ದ; ಗಲ್ಲ ಎತ್ತಿ ಕೂತರೆ ಅವನೇ ಬಿಚ್ಚಬೇಕು, ಬೇರೆ ಯಾರಿಂದಲೂ ಬಿಚ್ಚಲಾಗುತ್ತಿರಲಿಲ್ಲ. ಹೇಮ್ ಚಾಕು ತಂದ.

"ಮುಟ್ಬೇಡ. ಕಟ್ಟಿದವನೇ ಬಿಚ್ಚಲಿ" ಎಂದಳು ಲಮೈ. ಎಲ್ಲರೂ ಹೋಗಿ ಬರಿದಾದ ಚಪ್ಪರದಲ್ಲಿ ಚಿಕ್ಕಂದಿನ ಹಾಗೆ ಗಲ್ಲ ಎತ್ತಿ ಕುಳಿತಳು.