ಸಕ್ಕರೆ ನೀರಿನಲ್ಲಿ ಸಕ್ಕರೆ ಇಲ್ಲವಂತೆ!

ಸ್ನೇಹಿತರೇ, ನಮ್ಮವಳು ತೀರಿಕೊಂಡ ಮೇಲೆ ಸುಮ್ಮನೆ ಕೂತಿದ್ದ ಶುಗರ್ ಮಷೀನನ್ನು ಇವತ್ತು ಶಿಕಾರಿಪುರದಿಂದ ಆನವಟ್ಟಿಯ ಅಕ್ಕನ ಮನೆಗೆ ಒಯ್ದಿದ್ದೆ. ಭಾವನ ಬೆರಳು ಚುಚ್ಚಿದರೆ ಮುನ್ನೂರು ದಾಟಿತು.

"ಇನ್ನಾದ್ರೂ ಡಾಕ್ಟರು ಕೊಟ್ಟ ಮಾತ್ರೆ ನುಂಗ್ರಿ" ಎಂದಳು ಅಕ್ಕ.

"ಮಷೀನೇ ಸುಳ್ಳು ಹೇಳ್ತದೆ, ತಡಿ" ಎಂದವರೇ ಭಾವ ಲೋಟದ ನೀರಿಗೆ ಸಕ್ಕರೆ ಕದಡಿ, ಮಷೀನಿನ ಹೊಸ ಸ್ಟ್ರಿಪ್ ಪಟ್ಟಿಗೆ ಒಂದು ಹನಿ ಮುಟ್ಟಿಸಿದರು. ಮಷೀನು 'ಲೋ' ಎಂದಿತು, ಅಂದರೆ ತೀರಾ ಕಡಿಮೆ.

"ನೋಡ್ದ್ಯೇನೋ! ಸಕ್ಕರೆ ನೀರಲ್ಲೇ ಸಕ್ಕರೆ ಕಾಣದ್ದು ನನ್ನ ರಕ್ತದಲ್ಲಿ ಏನು ಕಂಡೀತು? ಮಾತ್ರೆಗೀತ್ರೆ ಬ್ಯಾಡ."

ನನಗೂ ಸೋಜಿಗವೇ. ಆಮೇಲೆ ಕಾಲೇಜಿನ 'ಲಾಕ್ ಅಂಡ್ ಕೀ ಥಿಯರಿ' ನೆನಪಾಯಿತು. ಪೂರ್ತಿ ಅಲ್ಲ, ಲಾಕು ಮತ್ತು ಕೀ ಮಾತ್ರ. ಪಟ್ಟಿಯಲ್ಲಿರುವ ಎಂಜೈಮ್ ಗ್ಲೂಕೋಸ್ ಒಂದನ್ನೇ ಗುರುತಿಸುತ್ತದೆ. ಅಂಗಡಿಯ ಸಕ್ಕರೆಯಲ್ಲಿ ಗ್ಲೂಕೋಸ್ ಫ್ರಕ್ಟೋಸ್ ಎಂಬ ಇನ್ನೊಂದು ಸಕ್ಕರೆಗೆ ಅಂಟಿಕೊಂಡಿರುತ್ತದೆ, ಹೊಟ್ಟೆಗೆ ಹೋದ ಮೇಲೆ ಬಿಡಿಸಿಕೊಳ್ಳುತ್ತದೆ. ಇಷ್ಟು ಹೇಳಿದರೂ ಭಾವ ಒಪ್ಪಲಿಲ್ಲ. ಅಕ್ಕ ಕಳಿತ ಬಾಳೆಹಣ್ಣು ಕಿವುಚಿ ಅದರ ರಸ ಮುಟ್ಟಿಸಿದಳು. ಹಣ್ಣಿನಲ್ಲಿ ಬಿಡಿ ಗ್ಲೂಕೋಸೂ ಇರುತ್ತದಲ್ಲ, ಮಷೀನು 'ಹೈ' ಎಂದಿತು.

"ಹಂಗಾರೆ ಬಾಳೆಹಣ್ಣು ಬಿಡ್ತೀನಿ. ಸಕ್ಕರೆ ಬಿಡಲ್ಲ."

"ಆಯ್ತು, ಆ ಲೋಟ ಪೂರ್ತಿ ಕುಡೀರಿ. ಒಂದು ತಾಸು ಬಿಟ್ಟು ಬೆರಳು ಕೊಡ್ರಿ, ನೋಡೇಬಿಡಾಣ" ಎಂದಳು ಅಕ್ಕ.

ಭಾವ ಲೋಟ ನೋಡಿದರು, ಬೆರಳು ನೋಡಿದರು. ನೀರನ್ನು ಅಂಗಳಕ್ಕೆ ಚೆಲ್ಲಿ, ಮಾತ್ರೆ ನುಂಗಿದರು.

ನಾನು ಬಸ್ಸಿಗೆ ಹೊರಡುವಾಗ ಚೆಲ್ಲಿದ ಜಾಗದಲ್ಲಿ ಆಗಲೇ ಇರುವೆ ಸಾಲು. ಇರುವೆಯ ಬಾಯಲ್ಲಿ ಯಾವ ಎಂಜೈಮ್ ಇದೆಯೋ, ಬಲ್ಲವರು ತಿಳಿಸಿ. ಅವು ಬೆರಳನ್ನೇನೋ ಚುಚ್ಚುತ್ತವೆ, ಆದರೆ ಬ್ಯಾಟರಿ ಕೇಳುವುದಿಲ್ಲ.