ಹುಡುಗರಿಗೆ ಅರ್ಧ ಗಂಟೆ ಕೇಳುವ ಅಕ್ಕಾರು

ಬೆಳಿಗ್ಗೆ ಐದೂ ಮುಕ್ಕಾಲು. ಟಿಳಕವಾಡಿಯ ಅಂಚಿನ ಮೈದಾನದಲ್ಲಿ ಮಂಜು ಇನ್ನೂ ಕರಗಿಲ್ಲ. ಮಂಜಿನ ನಡುವೆ ಹೆಂಗಸೊಬ್ಬರು ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕೋನುಗಳನ್ನು ಹತ್ತು ಹೆಜ್ಜೆಗೊಂದರಂತೆ ಇಡುತ್ತ ಹೊರಟಿದ್ದಾರೆ. ಟ್ರ್ಯಾಕ್ ಪ್ಯಾಂಟು, ಗಂಡನ ಹಳೆಯ ಸ್ವೆಟರು, ಕೊರಳಲ್ಲಿ ಸೀಟಿ. ಎಡಗಾಲನ್ನು ತುಸು ಎಳೆದು ಹಾಕುವ ನಡಿಗೆ.

ಹುಡುಗರು ಸೈಕಲ್ಲಿನ ಮೇಲೆ, ಅಪ್ಪಂದಿರ ಬೈಕಿನ ಹಿಂದೆ, ಇಬ್ಬರು ಬಸ್ಸಿಳಿದು ಓಡುತ್ತ ಬರುತ್ತಾರೆ. ಈಕೆ ಯಾರ ಮುಖವನ್ನೂ ಮೊದಲು ನೋಡುವುದಿಲ್ಲ, ಕಾಲನ್ನು ನೋಡುತ್ತಾರೆ. ಒಬ್ಬ ಬಲ ಹಿಮ್ಮಡಿಯನ್ನು ನೆಲಕ್ಕೆ ಊರದೆ ಬರುತ್ತಿದ್ದಾನೆ. ಏನಾಯಿತೆಂದು ಕೇಳಿದರೆ ಏನೂ ಆಗಿಲ್ಲ ಅನ್ನುತ್ತಾನೆ. ಕೂಡಿಸಿ, ಬೂಟು ಬಿಚ್ಚಿಸಿ, ಹೆಬ್ಬೆರಳಿನಿಂದ ಒತ್ತಿದಾಗ ಅವನ ಹುಬ್ಬು ಗಂಟಿಕ್ಕುತ್ತದೆ.

"ಇವತ್ತ ಓಡಬ್ಯಾಡ. ಬಾಜೂಕ ಕುಂತು, ಯಾರು ಎಷ್ಟ ಸಲ ಎಡಗಾಲಿಲೆ ಪಾಸ್ ಕೊಡ್ತಾರ ಎಣಸು. ತಪ್ಪಿದ್ರ ನಾಳೆನೂ ಎಣಸಬೇಕು."

ಹುಡುಗ ನಗುತ್ತ ಕೂರುತ್ತಾನೆ. ಈಕೆ ಸೀಟಿ ಊದುತ್ತಾರೆ.

ಇವರು ಪ್ರಮಿಳಾ. ವಯಸ್ಸು ನಲವತ್ನಾಲ್ಕು, ಊರು ಖಾನಾಪುರ. ಬೆಳಗಾವಿಯ ಮಲಪ್ರಭಾ ಫುಟ್‌ಬಾಲ್ ಕ್ಲಬ್ಬಿನ ಹದಿನೆಂಟು ವರ್ಷದೊಳಗಿನವರ ತಂಡಕ್ಕೆ ಒಂಬತ್ತು ವರ್ಷಗಳಿಂದ ತರಬೇತಿ ಕೊಡುತ್ತಿದ್ದಾರೆ. ಕ್ಲಬ್ಬಿನ ಹಿರಿಯರ ತಂಡ ವೃತ್ತಿಪರ ಲೀಗಿನಲ್ಲಿ ಆಡುತ್ತದೆ. ಅದು ಗೆದ್ದರೆ ಪತ್ರಿಕೆಯಲ್ಲಿ ಫೋಟೊ ಬರುತ್ತದೆ, ಕೋಚ್ ಹೆಸರು ಬರುತ್ತದೆ, ಗೋಲು ಹೊಡೆದವನ ಹೆಸರು ಬರುತ್ತದೆ. ಆ ಗೋಲು ಹೊಡೆದವನಿಗೆ ಹದಿಮೂರನೆಯ ವಯಸ್ಸಿನಲ್ಲಿ ಎಡಗಾಲು ಬಳಸಲು ಕಲಿಸಿದವರ ಹೆಸರು ಇದುವರೆಗೆ ಎಲ್ಲೂ ಬಂದಿಲ್ಲ. ಬರಲಿ ಎಂದು ಅವರು ಕೇಳಿದ್ದೂ ಇಲ್ಲ. ಮೈದಾನದಲ್ಲಿ ಎಲ್ಲರೂ ಅವರನ್ನು ಅಕ್ಕಾರ ಎನ್ನುತ್ತಾರೆ, ಸಾಲಿಯ ಟೀಚರನ್ನು ಕರೆದ ಹಾಗೆ.

ನಿಜಕ್ಕೂ ಟೀಚರೇ. ನಾಲ್ಕಕ್ಕೆ ಎದ್ದು, ಐದಕ್ಕಿಂತ ಮೊದಲಿನ ಬಸ್ಸು ಹಿಡಿದು ಇಪ್ಪತ್ತಾರು ಕಿಲೊಮೀಟರ್ ಬರುತ್ತಾರೆ. ಎಂಟರವರೆಗೆ ಮೈದಾನ. ಆಮೇಲೆ ಕೈಕಾಲು ತೊಳೆದು, ಸೀರೆಯುಟ್ಟು, ಟಿಳಕವಾಡಿಯ ಒಂದು ಖಾಸಗಿ ಶಾಲೆಯಲ್ಲಿ ದೈಹಿಕ ಶಿಕ್ಷಣದ ಕೆಲಸ. ಸಂಜೆ ಮತ್ತೆ ಬಸ್ಸು. ತಂಡದಲ್ಲಿ ಈಗ ಇಪ್ಪತ್ತಾರು ಹುಡುಗರು. ಪ್ರತಿಯೊಬ್ಬನ ಹೆಸರಿಗೂ ವಹಿಯಲ್ಲಿ ಒಂದು ಪುಟ. ಗೋಲುಗಳ ಸಂಖ್ಯೆ ಅದರಲ್ಲಿಲ್ಲ. ಯಾವ ಪಂದ್ಯದಲ್ಲಿ ಎಷ್ಟು ನಿಮಿಷ ಆಡಿದ, ಎಲ್ಲಿ ನೋವಿತ್ತು, ಎಷ್ಟು ದಿನ ವಿಶ್ರಾಂತಿ ಎಂಬುದು ಮಾತ್ರ ಇದೆ. ಒಂಬತ್ತು ವರ್ಷಗಳಲ್ಲಿ ಇನ್ನೂರಕ್ಕೂ ಹೆಚ್ಚು ಹುಡುಗರು ಇವರ ಕೈಯಲ್ಲಿ ಕಲಿತು ಹೋಗಿದ್ದಾರೆ. ವೃತ್ತಿಪರ ತಂಡಗಳಿಗೆ ಸೇರಿದವರು ಹನ್ನೊಂದು ಮಂದಿ. ಉಳಿದವರ ಬಗ್ಗೆ ಕೇಳಿದರೆ ಅಷ್ಟೇ ಹುರುಪಿನಿಂದ ಹೇಳುತ್ತಾರೆ: ಒಬ್ಬ ರೈಲ್ವೆಯಲ್ಲಿ ಇದ್ದಾನೆ, ಇನ್ನೊಬ್ಬ ಬೇಕರಿ ಇಟ್ಟಿದ್ದಾನೆ, ಮೂವರು ಮದುವೆಗೆ ಕರೆದಿದ್ದರು.

ಪ್ರಮಿಳಾ ಅವರ ಅಪ್ಪ ಸಿದರಾಯ ಕುರಿ ಕಾಯುತ್ತಿದ್ದವರು. ಕುರಿ ಮೇಯುವ ಬಯಲಿನಲ್ಲಿ ಅಣ್ಣಂದಿರ ಜೊತೆ ಬಟ್ಟೆಯ ಚೆಂಡು ಒದೆಯುತ್ತ ಬೆಳೆದ ಹುಡುಗಿ ಸಾಲಿಯ ತಂಡಕ್ಕೆ, ಅಲ್ಲಿಂದ ಜಿಲ್ಲಾ ತಂಡಕ್ಕೆ ಬಂದಳು. ಮಗಳ ಆಟ ನೋಡಲು ಸಿದರಾಯ ಒಮ್ಮೆ ಕಂಬಳಿ ಹೊದ್ದು ಬೆಳಗಾವಿಗೆ ಬಂದಿದ್ದರಂತೆ. ಎರಡೂ ಕಡೆಯವರು ಒಂದೇ ಚೆಂಡಿಗೆ ಬಡಿದಾಡುವುದನ್ನು ಕಂಡು, ಇಷ್ಟು ಮಂದಿಗೆ ಇನ್ನೊಂದು ಚೆಂಡು ತರಿಸಬಾರದೇ ಎಂದು ಪಕ್ಕದವರನ್ನು ಕೇಳಿದ್ದರಂತೆ. ಪ್ರಮಿಳಾ ಇದನ್ನು ಈಗಲೂ ನಗದೆ ಹೇಳಲಾರರು.

ಹತ್ತೊಂಬತ್ತರಲ್ಲಿ ಎಡ ಮೊಣಕಾಲು ಉಳುಕಿತು. ಆರು ವಾರ ಕಾಲಿಗೆ ಭಾರ ಬೀಳಬಾರದೆಂದು ಡಾಕ್ಟರು ಹೇಳಿದ್ದರು. ಮೂರನೆಯ ವಾರದಲ್ಲಿ ಫೈನಲ್ ಬಂತು. ಆಗಿನ ಕೋಚ್ ಮನೆಗೇ ಬಂದು ಕೇಳಿದರು. ಇವರಿಗೂ ಆಡುವ ಆಸೆಯೇ. ಕಾಲಿಗೆ ಬಿಗಿಯಾಗಿ ಪಟ್ಟಿ ಸುತ್ತಿಕೊಂಡು ಇಳಿದರು.

"ಕಪ್ ಗೆದ್ದಿವ್ರಿ. ನನ್ನ ಹೆಗಲ ಮ್ಯಾಲ ಹೊತ್ಕೊಂಡು ಕುಣದ್ರು. ಖರೇ ಹೇಳ್ತೀನಿ, ಅವತ್ತ ಭಾಳ ಖುಷಿ ಇತ್ತು. ಮರುದಿನ ಕಾಲ ಮಡಚಾಕ ಬರಲಿಲ್ಲ. ಆಮ್ಯಾಲ ನಾ ಒಂದ್ ಮ್ಯಾಚೂ ಆಡಿಲ್ಲ."

ಆ ಕೋಚಿನ ಮೇಲೆ ಸಿಟ್ಟಿಲ್ಲವೇ ಎಂದರೆ, ಆತ ಕೆಟ್ಟವನಾಗಿರಲಿಲ್ಲ, ಗೆಲ್ಲಬೇಕಾಗಿತ್ತು, ಗೆದ್ದ ಎನ್ನುತ್ತಾರೆ. ಅದೇ ಅವಸರ ತನ್ನ ಮೈಯಲ್ಲೂ ಇದೆ ಎಂದು ಅವರಿಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಕಳೆದ ಮಾರ್ಚಿನಲ್ಲಿ.

ಹಿರಿಯರ ತಂಡಕ್ಕೆ ಆಗ ಎರಡು ಪಂದ್ಯ ಬಾಕಿಯಿದ್ದವು, ತಂಡ ಪಟ್ಟಿಯ ಕೆಳಗಿನಿಂದ ಎರಡನೆಯ ಸ್ಥಾನದಲ್ಲಿತ್ತು. ಅಲ್ಲೇ ಉಳಿದರೆ ಕೆಳಗಿನ ಲೀಗಿಗೆ ಜಾರಬೇಕು. ಅಂಥ ಹೊತ್ತಿನಲ್ಲಿ ಮುಂಚೂಣಿ ಆಟಗಾರನ ಕಾಲು ಮುರಿಯಿತು. ಅದೇ ವಾರ ಪ್ರಮಿಳಾ ಅವರ ಹುಡುಗರು ಒಂಬತ್ತು ವರ್ಷಗಳಲ್ಲಿ ಮೊದಲ ಸಲ ತಮ್ಮ ಲೀಗಿನ ಫೈನಲ್ ಮುಟ್ಟಿದ್ದರು. ಅಲ್ಲಿಯವರೆಗೆ ಎಳೆದು ತಂದವನು ದೇಸೂರಿನ ಕಲ್ಮೇಶ, ಹದಿನೇಳರ ಹುಡುಗ, ಆ ವರ್ಷ ಹದಿನಾಲ್ಕು ಗೋಲು ಹೊಡೆದವನು. ಹಿರಿಯರ ಪಂದ್ಯ ಶನಿವಾರ, ಕಿರಿಯರ ಫೈನಲ್ ಭಾನುವಾರ.

ಗುರುವಾರ ಬೆಳಿಗ್ಗೆ ಹಿರಿಯರ ತಂಡದ ಕೋಚ್ ವಿನಯ ಕಿರಿಯರ ಮೈದಾನಕ್ಕೆ ಬಂದರು. ಜೊತೆಗೆ ಕ್ಲಬ್ಬಿನ ಕಾರ್ಯದರ್ಶಿ ತಮ್ಮಣ್ಣನವರು. ವಿನಯ ಆ ವರ್ಷವಷ್ಟೇ ಬಂದವರು, ಅವರ ಕರಾರು ಹತ್ತು ತಿಂಗಳದ್ದು. ಶನಿವಾರಕ್ಕೆ ಕಲ್ಮೇಶ ಬೇಕು ಎಂದರು. ಕೊಡುವುದಿಲ್ಲ ಎಂಬ ಮಾತು ಪ್ರಮಿಳಾ ಅವರ ಬಾಯಿಗೆ ಬಂದಿತ್ತು. ಆ ಕ್ಷಣದಲ್ಲಿ ತಾನು ಯೋಚಿಸಿದ್ದು ಹುಡುಗನ ಬಗ್ಗೆ ಅಲ್ಲವೇ ಅಲ್ಲ, ಭಾನುವಾರದ ಕಪ್ಪಿನ ಬಗ್ಗೆ ಎಂದು ಅವರು ಮುಚ್ಚುಮರೆಯಿಲ್ಲದೆ ಒಪ್ಪುತ್ತಾರೆ.

"ಅಕ್ಕಾರ, ದೊಡ್ಡ ತಂಡ ಕೆಳಗ ಬಿದ್ರ ಈ ಹುಡುಗ್ರು ನಾಳೆ ಎಲ್ಲಿ ಆಡ್ತಾರ್ರಿ?" ಎಂದರು ತಮ್ಮಣ್ಣನವರು. ಅದು ಸುಳ್ಳಾಗಿರಲಿಲ್ಲ.

ಪ್ರಮಿಳಾ ಒಂದು ಷರತ್ತು ಹಾಕಿದರು.

"ಒಯ್ರಿ ಸರ್. ಆದ್ರ ಬೆಂಚ್ ಮ್ಯಾಲ ಕುಂದ್ರಸಾಕ ಒಯ್ಯಬ್ಯಾಡ್ರಿ. ಕಮ್ಮಿ ಅಂದ್ರ ಅರ್ಧಾ ತಾಸು ಆಡಸ್ರಿ. ತಪ್ಪ ಮಾಡಿದ್ರೂ ತಗೀಬ್ಯಾಡ್ರಿ. ಆ ಮಾತ ಕೊಟ್ರ ಒಯ್ರಿ."

ವಿನಯ ಮಾತು ಕೊಟ್ಟರು. ಕೊಡುವಾಗ ಅದು ಇಷ್ಟು ಭಾರವಾಗುತ್ತದೆ ಎಂದು ಅವರಿಗೂ ಗೊತ್ತಿರಲಿಲ್ಲ.

ಶನಿವಾರ ಐವತ್ತೆಂಟನೆಯ ನಿಮಿಷಕ್ಕೆ ಕಲ್ಮೇಶ ಇಳಿದ. ಎರಡೂ ಕಡೆ ಗೋಲಿರಲಿಲ್ಲ. ಎಂಟು ನಿಮಿಷ ಕಳೆಯುವುದರೊಳಗೆ ಮೈದಾನದ ನಡುವೆ ಅವನು ಚೆಂಡನ್ನು ಅತಿಯಾಗಿ ಆಡಿಸುತ್ತ ನಿಂತ, ಎದುರಾಳಿ ಕಸಿದುಕೊಂಡ, ನಾಲ್ಕೇ ಪಾಸಿನಲ್ಲಿ ಗೋಲು. ಗ್ಯಾಲರಿಯಲ್ಲಿ ಯಾರೋ ಆ ಹುಡುಗನನ್ನು ಮನೆಗೆ ಕಳಿಸಿ ಎಂದು ಕೂಗಿದರು. ವಿನಯ ಇನ್ನೊಬ್ಬ ಆಟಗಾರನನ್ನು ಎಬ್ಬಿಸಿ ಅಂಗಿ ಬದಲಿಸಲು ಹೇಳಿ, ಗ್ಯಾಲರಿಯ ಮೂರನೆಯ ಸಾಲಿನತ್ತ ತಿರುಗಿದರು. ಅಲ್ಲಿ ಪ್ರಮಿಳಾ ಕೂತಿದ್ದರು. ಅವರು ಕೈ ಎತ್ತಲಿಲ್ಲ, ತಲೆ ಆಡಿಸಲಿಲ್ಲ, ವಿನಯ ಅವರನ್ನೇ ನೋಡಿದರು. ವಿನಯ ಎದ್ದವನನ್ನು ಮತ್ತೆ ಕೂರಿಸಿದರು.

"ಆವಾಗ ನನ್ನ ನೌಕರಿ ಹೋತು ಅಂತನ ತಿಳ್ಕೊಂಡೆ" ಎಂದು ವಿನಯ ಈಗ ನಗುತ್ತಾರೆ.

ಮುಂದಿನ ಐದು ನಿಮಿಷ ಕಲ್ಮೇಶ ಚೆಂಡು ಕೇಳಲೇ ಇಲ್ಲ, ಚೆಂಡಿರುವ ಕಡೆಯಿಂದ ದೂರ ದೂರ ಓಡುತ್ತಿದ್ದ. ಅದನ್ನು ಗಮನಿಸಿದವನು ನಾಯಕ ಚೇತನ, ಮೂವತ್ಮೂರು ವರ್ಷದ ಹಳೆಯ ಹುಲಿ. ಬೇಕೆಂದೇ ಹುಡುಗನಿಗೆ ಪಾಸು ಕೊಟ್ಟ, ಮತ್ತೆ ಕೊಟ್ಟ, ಮೂರನೆಯ ಸಲವೂ ಕೊಟ್ಟ. ಎಂಬತ್ನಾಲ್ಕನೆಯ ನಿಮಿಷದಲ್ಲಿ ಕಲ್ಮೇಶ ಎಡಗಾಲಿನಿಂದ ಹೊಡೆದದ್ದನ್ನು ಗೋಲ್‌ಕೀಪರ್ ತಡೆದ, ಪುಟಿದ ಚೆಂಡನ್ನು ಚೇತನ ಒಳಗೆ ತಳ್ಳಿದ. ಒಂದಕ್ಕೊಂದು, ಪಂದ್ಯ ಸಮ. ತಂಡಕ್ಕೆ ಒಂದು ಅಂಕ ಸಿಕ್ಕಿತು.

ಭಾನುವಾರ ಬೆಳಿಗ್ಗೆ ಕಲ್ಮೇಶ ಎಲ್ಲರಿಗಿಂತ ಮೊದಲೇ ಫೈನಲ್ ಮೈದಾನಕ್ಕೆ ಬಂದು ಬೂಟು ಕಟ್ಟಿಕೊಂಡು ಕೂತಿದ್ದ. ಪ್ರಮಿಳಾ ಅವನ ತೊಡೆಯ ಹಿಂಭಾಗ ಒತ್ತಿದರು. ಅವನು ಹಲ್ಲು ಕಚ್ಚಿದ್ದು ಕಾಣಿಸಿತು. ನೋವಿಲ್ಲ, ಆಡುತ್ತೇನೆ ಎಂದು ಮತ್ತೆ ಮತ್ತೆ ಹೇಳಿದ. ಗೆದ್ದವರಿಗೆ ಕೊಡುವ ಕಪ್ಪನ್ನು ಮೇಜಿನ ಮೇಲೆ ಕಾಣುವ ಹಾಗೆಯೇ ಇಟ್ಟಿದ್ದರು.

"ನನಗೂ ಹಿಂಗ ಅನಿಸಿತ್ತು ಕಲ್ಮೇಶ. ಬೂಟ್ ಬಿಚ್ಚು" ಎಂದರು.

ಅವನ ಜಾಗದಲ್ಲಿ ಹದಿನೈದರ ಹುಡುಗನೊಬ್ಬ ಆಡಿದ, ಚೆನ್ನಾಗಿಯೇ ಆಡಿದ. ಪಂದ್ಯ ಸಮವಾಗಿ ಪೆನಾಲ್ಟಿಗೆ ಹೋಯಿತು. ಹುಡುಗರು ಸೋತರು. ಕಲ್ಮೇಶ ಗೋಲು ಕಂಬದ ಹಿಂದೆ ಕೂತು ಅತ್ತ. ಖಾನಾಪುರದಿಂದ ಮನೆಮಂದಿಯನ್ನೆಲ್ಲ ಕರೆತಂದಿದ್ದ ಒಬ್ಬ ಹುಡುಗನ ತಂದೆ ಎಲ್ಲರೆದುರು ಬಂದು, ಕೈಗೆ ಬಂದ ಕಪ್ಪನ್ನು ನೀವೇ ಕೊಟ್ಟುಬಿಟ್ಟಿರಿ ಎಂದು ಹೇಳಿಹೋದರು. ಪ್ರಮಿಳಾ ಚೀಲ ಎತ್ತಿಕೊಂಡು ಬಸ್ಸು ಹತ್ತಿದರು. ಬಸ್ಸಿನಲ್ಲಿ ಖಾನಾಪುರ ಬರುವ ತನಕ ಕಿಟಕಿಯ ಹೊರಗೇ ನೋಡುತ್ತ ಕೂತಿದ್ದರಂತೆ. ಒಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ, ನಾಳೆ ಹುಡುಗರು ಬರುತ್ತಾರೋ ಇಲ್ಲವೋ ಎಂದು ಹೆದರಿಕೆಯಾಗಿತ್ತು.

ಸೋಮವಾರ ಹುಡುಗರು ಬಂದರು. ಇಬ್ಬರು ತಡವಾಗಿ ಬಂದರು, ಅಷ್ಟೇ. "ಎರಡ ಸಲ ಎಣಸಿದ್ನಿ. ಇಪ್ಪತ್ತಾರೂ ಇದ್ರು" ಎನ್ನುವಾಗ ಪ್ರಮಿಳಾ ಅವರ ದನಿ ಈಗಲೂ ಅರಳುತ್ತದೆ. ಬೈದುಹೋದ ತಂದೆಯ ಮಗ ಎಲ್ಲರಿಗಿಂತ ಮುಂದೆ ನಿಂತಿದ್ದ.

ಕೊನೆಯ ಪಂದ್ಯವನ್ನು ಹಿರಿಯರ ತಂಡ ಗೆದ್ದಿತು, ಒಂದೇ ಒಂದು ಅಂಕದ ಅಂತರದಲ್ಲಿ ಲೀಗಿನಲ್ಲಿ ಉಳಿಯಿತು. ವಿನಯ ಅವರ ಕರಾರು ಮುಂದುವರಿಯಿತು. ಹೊಸ ಋತು ಶುರುವಾಗುವ ಮೊದಲು ಅವರೇ ಪ್ರಮಿಳಾ ಅವರನ್ನು ಕರೆದು ಕೂರಿಸಿ, ಚಹಾ ತರಿಸಿ, ಇಬ್ಬರೂ ಸೇರಿ ಒಂದು ಕಾಗದ ಬರೆದರು. ಹಿರಿಯರ ಪ್ರತಿ ಪಂದ್ಯದ ತಂಡದಲ್ಲಿ ಇಬ್ಬರು ಕಿರಿಯರು ಇರಬೇಕು, ಅವರಲ್ಲಿ ಒಬ್ಬನಿಗಾದರೂ ಅರ್ಧ ಗಂಟೆ ಆಟ ಸಿಗಬೇಕು. ಹಿರಿಯರೊಂದಿಗೆ ಆಡಿದವನು ಮರುದಿನ ಕಿರಿಯರ ಪಂದ್ಯ ಆಡುವಂತಿಲ್ಲ. ಯಾರಿಗೆ ನೋವಿದೆ ಎಂಬ ವಿಷಯದಲ್ಲಿ ಪ್ರಮಿಳಾ ಅವರದೇ ಕೊನೆಯ ಮಾತು. ತಮ್ಮಣ್ಣನವರು ಕಾಗದವನ್ನು ಎರಡು ಸಲ ಓದಿ, ಸೋತ ದಿನ ನನ್ನ ಮುಂದೆ ಇದನ್ನು ತೋರಿಸಬೇಡಿ ಎನ್ನುತ್ತಲೇ ಸಹಿ ಹಾಕಿದರು.

ಸೋತ ದಿನಗಳೂ ಬಂದವು. ಶುರುವಿನಲ್ಲಿ ಸತತ ಮೂರು ಪಂದ್ಯ ಕೈತಪ್ಪಿದಾಗ ತಮ್ಮಣ್ಣನವರು ವಾರವಿಡೀ ಮೈದಾನದ ಕಡೆ ತಲೆ ಹಾಕಲಿಲ್ಲ. ಈಗ ತಂಡ ಐದನೆಯ ಸ್ಥಾನದಲ್ಲಿದೆ. ಕಲ್ಮೇಶನಿಗೆ ಹದಿನೆಂಟು ತುಂಬಿದೆ, ಎಂಟು ಪಂದ್ಯಗಳನ್ನು ಮೊದಲ ನಿಮಿಷದಿಂದ ಆಡಿದ್ದಾನೆ. ಅವನ ಹಿಂದೆ ಇನ್ನೂ ನಾಲ್ವರು ಬಂದಿದ್ದಾರೆ. ಫೈನಲಿನಲ್ಲಿ ಅವನ ಜಾಗದಲ್ಲಿ ಆಡಿದ ಹದಿನೈದರ ಹುಡುಗನನ್ನು ಕೇಳಿಕೊಂಡು ವಿನಯ ಈಗಾಗಲೇ ಎರಡು ಸಲ ಬಂದುಹೋದರು. ಎರಡು ಸಲವೂ ಬರಿಗೈಯಲ್ಲಿ ಮರಳಿದರು.

"ಅಂವಾ ಇನ್ನೂ ಬೆಳ್ಯಾಕತ್ತಾನ್ರಿ, ಮೂರ ತಿಂಗಳಾಗ ಬೂಟ್ ಸಣ್ಣ ಆಗ್ಯಾವ. ಮುಂದಿನ ವರ್ಷ ನಾನಾ ಕರ್ಕೊಂಡ ಬಂದ ಕೊಡ್ತೀನಿ ಅಂದೀನಿ" ಎನ್ನುತ್ತಾರೆ ಪ್ರಮಿಳಾ.

ಬಿಸಿಲು ಏರಿದೆ. ಮಂಜು ಕರಗಿ ಆಚೆ ತುದಿಯ ಗೋಲು ಕಂಬ ಸ್ಪಷ್ಟವಾಗಿ ಕಾಣುತ್ತಿದೆ, ಎರಡು ಕಂಬ, ಮೇಲೊಂದು ಅಡ್ಡಪಟ್ಟಿ, ಹಿಂದೆ ಬರೀ ಬಯಲು. ಹಿರಿಯರ ಮೈದಾನದಲ್ಲಿರುವ ಜಾಳಗಿ, ಚೆಂಡು ತಡೆಯುವ ಬಲೆ, ಇಲ್ಲಿಲ್ಲ. ಕೆಂಪು ಅಂಗಿಯ ಹುಡುಗನೊಬ್ಬ ಜೋರಾಗಿ ಒದೆಯುತ್ತಾನೆ. ಚೆಂಡು ಕಂಬಗಳ ನಡುವೆ ಹಾದು, ಹಿಂದಿನ ಇಳಿಜಾರು ದಾಟಿ, ದೂರದ ಗಟಾರದ ಕಡೆಗೆ ಉರುಳುತ್ತದೆ. ಹುಡುಗ ಅದರ ಬೆನ್ನಿಗೆ ಓಡುತ್ತಾನೆ.

ಕ್ಲಬ್ಬಿನಿಂದ ಏನಾದರೂ ಬೇಕೇ ಎಂದು ಕೇಳಿದ್ದಕ್ಕೆ ಪ್ರಮಿಳಾ ಓಡುತ್ತಿರುವ ಹುಡುಗನನ್ನು ತೋರಿಸುತ್ತಾರೆ.

"ಒಂದ್ ಜೋಡಿ ಜಾಳಗಿ ಕಟ್ಟಿಸಿ ಕೊಟ್ರ ಸಾಕ್ರಿ. ಗೋಲ್ ಹೊಡದಾಂವ ತಾನ ಚೆಂಡ ತರಾಕ ಓಡಬೇಕಾಗೇತಿ. ಹುಡುಗ್ರು ಒಂದೀಟ ನಿಂತು ಕುಣೀಲಿ."